ಉಪ್ಪು, ವಿನೆಗರ್ ಹಾಕಿದರೂ ನೂಲಿನ ಬಣ್ಣ ನಿಲ್ಲಲಿಲ್ಲ, ಯಾಕೆ?

ಪ್ರಶ್ನೆ: ನಾವು ನಾಲ್ವರು ಗೆಳತಿಯರು. ಹೆಣಿಗೆ, ಕ್ರೋಶಾ ಎರಡೂ ಮಾಡುತ್ತೇವೆ. ಬಿಳಿ ನೂಲು ತಂದು ನಾವೇ ಬಣ್ಣ ಹಾಕೋಣ ಅಂತ ಕಳೆದ ತಿಂಗಳು ಒಂದು ಪ್ರಯತ್ನ ಮಾಡಿದೆವು. ಅರಿಶಿನ ಒಂದು ಪಾತ್ರೆಯಲ್ಲಿ, ಬೀಟ್ರೂಟ್ ಇನ್ನೊಂದರಲ್ಲಿ ಕುದಿಸಿ, ಉಪ್ಪು ಮತ್ತು ವಿನೆಗರ್ ಹಾಕಿ, ಮನೆಯಲ್ಲಿದ್ದ ಎಲ್ಲ ಬಗೆಯ ನೂಲನ್ನೂ ಅದ್ದಿದೆವು. ಬೀಟ್ರೂಟ್ ಬಣ್ಣ ಒಂದೇ ಒಗೆತಕ್ಕೆ ಹೋಯಿತು. ಅರಿಶಿನ ಕೆಲವು ವಾರಕ್ಕೇ ಮಂಕಾಯಿತು. ಉಣ್ಣೆ ಜಡೆಗಟ್ಟಿತು. ಒಂದು ಉಂಡೆಗಂತೂ ಬಣ್ಣವೇ ಹತ್ತಲಿಲ್ಲ. ಎಲ್ಲಿ ತಪ್ಪಿದೆವು? ಮತ್ತೆ ಒಟ್ಟಿಗೆ ಕೂತು ಮಾಡಬೇಕೆಂದರೆ ಹೇಗೆ ಶುರು ಮಾಡಬೇಕು? ಅಡುಗೆ ಪಾತ್ರೆ ಬಳಸಬಹುದಾ?

ಉತ್ತರ: ಈ ಕೆಲಸದಲ್ಲಿ ಮಾಡಬಹುದಾದ ದೊಡ್ಡ ತಪ್ಪುಗಳನ್ನೆಲ್ಲ ನೀವು ನಾಲ್ವರೂ ಸೇರಿ ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದೀರಿ. ಅಷ್ಟನ್ನೂ ಮಾಡಲು ನನಗೆ ಎರಡು ವರ್ಷ ಹಿಡಿದಿತ್ತು. ಹಾಗಾಗಿ ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲದಕ್ಕೂ ಬುಡ ಒಂದೇ. ನೀವು ಬಣ್ಣ ಯಾವುದು ಅಂತ ಯೋಚಿಸಿದಿರಿ, ನೂಲು ಯಾವುದು ಅಂತ ಯೋಚಿಸಲಿಲ್ಲ. ನೂಲು ಯಾವುದು ಅನ್ನುವುದರ ಮೇಲೆ ಯಾವ ಬಣ್ಣ, ಹುಳಿಯೋ ಸೋಡಾವೋ, ಬಿಸಿ ಬೇಕೋ ಬೇಡವೋ ಎಲ್ಲವೂ ತೀರ್ಮಾನವಾಗುತ್ತದೆ.

ಉಣ್ಣೆ, ರೇಷ್ಮೆ ಪ್ರಾಣಿಗಳಿಂದ ಬಂದ ನೂಲು. ನಮ್ಮ ತಲೆಗೂದಲಿನ ಹಾಗೆ ಅವು ಪ್ರೋಟೀನ್. ಹುಳಿ ನೀರಿನಲ್ಲಿ ಈ ಪ್ರೋಟೀನಿಗೆ ಧನ ವಿದ್ಯುದಂಶ ಬರುತ್ತದೆ. ಉಣ್ಣೆಗೆಂದೇ ಮಾಡಿದ ಬಣ್ಣಗಳಲ್ಲಿ ಋಣ ವಿದ್ಯುದಂಶ ಇರುತ್ತದೆ. ಎರಡೂ ಒಂದನ್ನೊಂದು ಎಳೆದುಕೊಳ್ಳುತ್ತವೆ. ಬಿಸಿ ಸಿಕ್ಕರೆ ಬಣ್ಣ ಎಳೆಯ ಒಳಗೇ ಹೋಗಿ ಕೂರುತ್ತದೆ. ಈ ಬಣ್ಣಗಳನ್ನು ಆಸಿಡ್ ಡೈ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಕೈ ಸುಡುವ ಆಸಿಡ್ ಅದರಲ್ಲಿಲ್ಲ. ಹುಳಿ ನೀರಿನಲ್ಲಿ ಹತ್ತುತ್ತದೆ ಅಂತ ಆ ಹೆಸರು, ಅಷ್ಟೇ.

ಹತ್ತಿ, ಲಿನನ್ ಗಿಡದಿಂದ ಬಂದವು, ಅಂದರೆ ಸೆಲ್ಯುಲೋಸ್. ಹುಳಿ ನೀರಿನಲ್ಲಿ ಇಂಥದ್ದೇನೂ ಅಲ್ಲಿ ನಡೆಯುವುದಿಲ್ಲ. ಹತ್ತಿ ನೂಲಿಗೆ ಎಷ್ಟು ವಿನೆಗರ್ ಸುರಿದರೂ ನೀರಲ್ಲಿ ಹೋಮ ಮಾಡಿದ ಹಾಗೆ. ಹತ್ತಿಗೆ ಬೇಕಾದದ್ದು ರಿಯಾಕ್ಟಿವ್ ಡೈ, ಅಂದರೆ ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ, ಮತ್ತು ಸೋಡಾ ಆಷ್ (ಒಗೆಯುವ ಸೋಡಾ, ಅಡುಗೆ ಸೋಡಾ ಅಲ್ಲ). ಇನ್ನು ನಿಮ್ಮ ಬಣ್ಣವೇ ಹತ್ತದ ಆ ಉಂಡೆ? ಅದು ಹೆಚ್ಚುಕಮ್ಮಿ ಖಂಡಿತ ಅಕ್ರಿಲಿಕ್. ಅದು ಪ್ಲಾಸ್ಟಿಕ್ ಎಳೆ. ಆಸಿಡ್ ಡೈಯೂ ಹತ್ತುವುದಿಲ್ಲ, ರಿಯಾಕ್ಟಿವ್ ಡೈಯೂ ಹತ್ತುವುದಿಲ್ಲ. ಅದಕ್ಕೆ ಬೇರೆಯೇ ಬಣ್ಣಗಳಿವೆ, ಆದರೆ ಮನೆಯಲ್ಲಿ ಕಲಿಯುವವರು ಅದರ ಸುದ್ದಿಗೆ ಹೋಗದಿರುವುದೇ ವಾಸಿ. ಇವನ್ನೆಲ್ಲ ಒಂದೇ ಪಾತ್ರೆಗೆ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಉಪ್ಪು ಬಣ್ಣವನ್ನು ಹಿಡಿದಿಡುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯವೂ ಅಲ್ಲ. ಹತ್ತಿಗೆ ಬಣ್ಣ ಹಾಕುವಾಗ ಉಪ್ಪು ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳುತ್ತದೆ. ತಳ್ಳುವುದಷ್ಟೇ ಅದರ ಕೆಲಸ, ಕಟ್ಟಿಹಾಕುವುದಲ್ಲ. ಒಗೆಯುವಾಗ ಬಣ್ಣ ಬಿಡುವ ಬಟ್ಟೆಯನ್ನು ಉಪ್ಪು ನೀರಿನಲ್ಲಿ ನೆನೆಸಿ ನೆನೆಸಿ ಸುಸ್ತಾದವರು ನನಗೆ ತುಂಬಾ ಜನ ಗೊತ್ತು.

ಲೇಬಲ್ ಕಳೆದುಹೋದ ನೂಲು ಯಾವುದೆಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲು ಇಟ್ಟುಕೊಂಡು, ತುದಿಗೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಅಕ್ರಿಲಿಕ್ ಕರಗುತ್ತದೆ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಅರಿಶಿನ, ಬೀಟ್ರೂಟ್ ವಿಷಯಕ್ಕೆ ಬರೋಣ. ಬೀಟ್ರೂಟಿನ ಕೆಂಪು ಬಿಸಿಗೇ ಕೆಡುವಂಥದ್ದು. ಅದು ನೂಲಿನ ಬಣ್ಣವಲ್ಲ, ಬರೀ ಕಲೆ. ಬಿಟ್ಟುಬಿಡಿ. ಅರಿಶಿನ ಉಣ್ಣೆ, ಹತ್ತಿ ಎರಡಕ್ಕೂ ಯಾವ ಸಹಾಯವೂ ಇಲ್ಲದೆ ಹತ್ತುತ್ತದೆ, ನೋಡಲೂ ಚೆಂದ. ಆದರೆ ಬಿಸಿಲಿಗೆ ಬೇಗ ಬಾಡುತ್ತದೆ, ಸೋಪು ತಾಗಿದರೆ ಕೆಂಪಗಾಗುತ್ತದೆ. ಗಿಡಮೂಲದ ಬಣ್ಣವೇ ಬೇಕು ಅಂದರೆ ಈರುಳ್ಳಿಯ ಒಣ ಸಿಪ್ಪೆಯಿಂದ ಶುರು ಮಾಡಿ. ನೂಲಿನ ತೂಕದಷ್ಟೇ ಸಿಪ್ಪೆ ತಗೊಳ್ಳಿ. ಮೊದಲು ಉಣ್ಣೆಯನ್ನು ಅದರ ತೂಕದ ಶೇ. 10ರಿಂದ 15ರಷ್ಟು ಪಟಿಕ ಕರಗಿಸಿದ ನೀರಿನಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ. ಪಟಿಕದ ಅಲ್ಯುಮಿನಿಯಂ ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ನಿಮ್ಮ ಪ್ರಯೋಗದಲ್ಲಿ ಇಲ್ಲದೇ ಹೋದದ್ದು ಆ ಕೈ. ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಹೀಗೆ ತಯಾರಾದ ನೂಲನ್ನು ಕಾಯಿಸಿದರೆ ಒಳ್ಳೆಯ ಚಿನ್ನದ ಹಳದಿ ಬರುತ್ತದೆ.

ಆದರೂ ಮೊದಲ ಸಲಕ್ಕೆ ನನ್ನ ಸಲಹೆ ಬೇರೆ. ಬಿಳಿ ಉಣ್ಣೆ, ಅದಕ್ಕೆ ತಿನ್ನುವ ಪದಾರ್ಥಕ್ಕೆ ಹಾಕುವ ಫುಡ್ ಕಲರ್. ಮಕ್ಕಳಾಟ ಅಂತ ನಗಬೇಡಿ. ಕೃತಕ ಫುಡ್ ಕಲರ್‌ಗಳು ಹೆಚ್ಚಾಗಿ ಆಸಿಡ್ ಡೈಯ ಜಾತಿಯವೇ. ವಿನೆಗರ್, ಬಿಸಿ ಎರಡೂ ಸಿಕ್ಕರೆ ಉಣ್ಣೆಗೆ ಚೆನ್ನಾಗಿ ಹತ್ತುತ್ತವೆ. ನೀವು ಕೇಳಿದ ಅಡುಗೆ ಪಾತ್ರೆಯ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ: ಫುಡ್ ಕಲರ್ ಆದರೆ ಅಡುಗೆ ಪಾತ್ರೆ ಬಳಸಿ, ಚೆನ್ನಾಗಿ ತೊಳೆದಿಡಿ. ಬೇರೆ ಯಾವ ಡೈ ಆದರೂ, ಪಟಿಕವಾದರೂ, ಪಾತ್ರೆ, ಚಮಚ, ಸೌಟು ಎಲ್ಲ ಬೇರೆಯೇ ಇರಬೇಕು, ಮತ್ತೆಂದೂ ಅಡುಗೆಗೆ ಹೋಗಬಾರದು. ಫುಡ್ ಕಲರ್‌ಗೆ ಬಿಸಿಲು ತಡೆಯುವ ಶಕ್ತಿ ಕಡಿಮೆ. ಕಿಟಕಿಯ ಪರದೆಗೆ ಬೇಡ, ಕಲಿಯಲು ಬೇಕಾದಷ್ಟಾಯಿತು. ಪಾತ್ರೆ ಸ್ಟೀಲಿನದೋ ಒಡಕಿಲ್ಲದ ಎನಾಮಲ್‌ನದೋ ಇರಲಿ. ಅಲ್ಯುಮಿನಿಯಂ ಹುಳಿಗೆ ಸ್ಪಂದಿಸುತ್ತದೆ.

ಎರಡನೇ ಸಲ ಆಸಿಡ್ ಡೈ ಪುಡಿ ತಂದಾಗ ಒಂದು ಎಚ್ಚರಿಕೆ. ಡಬ್ಬಿ ತೆರೆಯುವಾಗ ಫ್ಯಾನ್ ಆಫ್ ಮಾಡಿ, ಕೆಳಗೆ ಒದ್ದೆ ಪತ್ರಿಕೆ ಹಾಸಿ, ಎನ್95 ಮಾಸ್ಕ್ ಮತ್ತು ಗ್ಲೌಸ್ ಹಾಕಿ. ಅಪಾಯ ಇರುವುದು ಪುಡಿ ಗಾಳಿಯಲ್ಲಿ ಹಾರುವ ಆ ಎರಡು ನಿಮಿಷದಲ್ಲಿ. ಅಸ್ತಮಾ ಇರುವವರು ಆಗ ಆ ಕೋಣೆಯಲ್ಲಿ ಇರಬಾರದು. ನಾಲ್ವರಲ್ಲಿ ಒಬ್ಬರೇ ಎಲ್ಲ ಬಣ್ಣವನ್ನೂ ಮೊದಲೇ ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿಟ್ಟರೆ ಉಳಿದವರು ಪುಡಿಯನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ರಿಯಾಕ್ಟಿವ್ ಡೈ ಪುಡಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅದನ್ನು ಉಸಿರಾಡುತ್ತಾ ಹೋದರೆ ಅಲರ್ಜಿ ಅಂಟಿಕೊಳ್ಳಬಹುದು.

ಈ ಕರಗಿಸಿಟ್ಟ ನೀರೇ ಇಡೀ ಲೆಕ್ಕದ ಕೀಲಿ. 5 ಗ್ರಾಂ ಪುಡಿಯನ್ನು ಸ್ವಲ್ಪ ಬಿಸಿ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಮತ್ತೆ ಬಿಸಿ ನೀರು ಸೇರಿಸಿ 500 ಮಿಲೀ ಮಾಡಿ. ಈಗ ಅದರ 100 ಮಿಲೀಯಲ್ಲಿ 1 ಗ್ರಾಂ ಬಣ್ಣ ಇದೆ. 100 ಗ್ರಾಂ ನೂಲಿಗೆ 1 ಗ್ರಾಂ ಬಣ್ಣ ಅಂದರೆ ಸಾಧಾರಣ ಗಾಢ ಬಣ್ಣ. ಆದ್ದರಿಂದ 25 ಗ್ರಾಂ ನೂಲಿಗೆ 25 ಮಿಲೀ. ತೆಳುವಾದ ಗುಲಾಬಿ ಬೇಕೇ, 2 ಅಥವಾ 3 ಮಿಲೀ ಸಾಕು. ಕಾಡಿಗೆ ಕಪ್ಪು ಬೇಕೆಂದರೆ 75 ಮಿಲೀಗೂ ಮೇಲೆ ಬೇಕಾದೀತು. ಸೂಜಿ ಇಲ್ಲದ ಸಿರಿಂಜ್ ಇದ್ದರೆ ಅಳೆಯುವುದು ಸಲೀಸು. ಚಿಟಿಕೆ ಲೆಕ್ಕದಲ್ಲಿ ಹಾಕಿದರೂ ಬಣ್ಣ ಬರುತ್ತದೆ ಅಲ್ವಾ ಅಂತ ಕೇಳಬಹುದು. ಬರುತ್ತದೆ. ಅದೇ ಬಣ್ಣ ಇನ್ನೊಂದು ಸಲ ಬರುವುದಿಲ್ಲ. ಉಳಿದ ಆಸಿಡ್ ಡೈ ನೀರನ್ನು ಮುಚ್ಚಳ ಹಾಕಿ, ಹೆಸರು ಬರೆದು, ಕತ್ತಲಲ್ಲಿ ಇಟ್ಟರೆ ಕೆಲವು ತಿಂಗಳು ಕೆಡುವುದಿಲ್ಲ.

ನೂಲನ್ನು ಉಂಡೆಯಲ್ಲಿ ಅದ್ದಬೇಡಿ, ಒಳಗೆ ಬಣ್ಣ ಹೋಗುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ದಾರದಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿಗಿಯಾದರೆ ಅಲ್ಲಿ ಬಿಳಿ ಉಳಿಯುತ್ತದೆ. ಕಟ್ಟಲು ಹತ್ತಿ ದಾರವೇ ಇರಲಿ. ಉಣ್ಣೆ ಎಷ್ಟು ಬಣ್ಣ ಕುಡಿದರೂ ಹತ್ತಿ ದಾರ ಬೆಳ್ಳಗೇ ಉಳಿಯುವುದರಿಂದ ಕೊನೆಗೆ ಕತ್ತರಿಸಲು ಹುಡುಕಬೇಕಾಗಿಲ್ಲ. ಲಡಿ ಯಾರದು ಅಂತ ಗುರುತಿಗೆ ಕಾಗದದ ಚೀಟಿ ಕಟ್ಟಬೇಡಿ. ಒಮ್ಮೆ ನಾವು ಆರು ಜನ ಸೇರಿದ್ದಾಗ ಎಲ್ಲ ಚೀಟಿಗಳೂ ಹಬೆಯಲ್ಲಿ ಕರಗಿ, ಕೊನೆಗೆ ಎರಡು ನೀಲಿ ಲಡಿಗಳಿಗೆ ಮೂವರು ಒಡೆಯರಾದರು. ಈಗ ದಾರದಲ್ಲಿ ಗಂಟು ಹಾಕುತ್ತೇವೆ. ಒಬ್ಬರಿಗೆ ಒಂದು ಗಂಟು, ಇನ್ನೊಬ್ಬರಿಗೆ ಎರಡು.

ಆಮೇಲೆ ನೆನೆಸುವುದು. ಉಗುರುಬೆಚ್ಚನೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಕನಿಷ್ಠ ಅರ್ಧ ಗಂಟೆ ಸುಮ್ನೆ ಬಿಡಿ. ಒಣ ಉಣ್ಣೆಗೆ ಬಣ್ಣ ಹಾಕಿದರೆ ಹೊರಗಿನ ಎಳೆಗಳು ಎಲ್ಲವನ್ನೂ ಕುಡಿದುಬಿಡುತ್ತವೆ, ಒಳಗಿನವು ಬೆಳ್ಳಗೆ ಉಳಿಯುತ್ತವೆ. ಅರ್ಧ ಗಂಟೆ ಮುಗಿದ ಮೇಲೆ ಅದೇ ನೀರಿಗೆ ಹುಳಿ ಸೇರಿಸಿ: 100 ಗ್ರಾಂ ನೂಲಿಗೆ ಒಂದು ಟೀ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಅಥವಾ 60 ಮಿಲೀ ಬಿಳಿ ವಿನೆಗರ್. ನಾನು ನಿಂಬೆ ಉಪ್ಪಿನ ಪಕ್ಷ. ಮನೆಯೆಲ್ಲ ವಿನೆಗರ್ ವಾಸನೆ ಹಿಡಿಯುವುದಿಲ್ಲ.

ಇಲ್ಲಿಂದ ಎರಡು ದಾರಿ. ಪಾತ್ರೆಯಲ್ಲಿ ಮುಳುಗಿಸಿ ಒಂದೇ ಬಣ್ಣ ಹಾಕುವುದು ಒಂದು. ಮೇಜಿನ ಮೇಲೆ ಲಡಿಯನ್ನು ಹಾಸಿ ಬಾಟಲಿಯಿಂದ ಬಣ್ಣ ಹನಿಸುವುದು ಇನ್ನೊಂದು. ನಾಲ್ವರು ಸೇರಿದಾಗ ಎರಡನೆಯದೇ ಸರಿ. ಒಲೆ ಮುಂದೆ ಮೂವರು ಕಾಯುತ್ತಾ ನಿಲ್ಲಬೇಕಾಗಿಲ್ಲ, ಎಲ್ಲರೂ ಒಟ್ಟಿಗೆ ಕೂರಬಹುದು, ಹಬೆಗೆ ಮಾತ್ರ ಒಂದೇ ಪಾತ್ರೆ ಸಾಕು. ಮೇಜಿನ ಮೇಲೆ ಕ್ಲಿಂಗ್ ಫಿಲ್ಮ್ (ಆಹಾರ ಸುತ್ತಿಡುವ ತೆಳು ಪ್ಲಾಸ್ಟಿಕ್ ಹಾಳೆ) ಹಾಸಿ, ನೆನೆದ ಲಡಿಯನ್ನು ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಅದರ ಮೇಲೆ ಮಲಗಿಸಿ. ಬಣ್ಣ ಹನಿಸಿ, ಗ್ಲೌಸ್ ಹಾಕಿದ ಬೆರಳಿನಿಂದ ಒತ್ತಿ ಒಳಗಿಳಿಸಿ. ಲಡಿ ತಿರುಗಿಸಿ ಹಿಂಬದಿ ನೋಡಿ, ಬಿಳಿ ಅಲ್ಲೇ ಅಡಗಿರುತ್ತದೆ. ಕೆಳಗೆ ಬಣ್ಣದ ನೀರು ನಿಂತರೆ ಹಳೆಯ ಬಟ್ಟೆಯಿಂದ ಒರೆಸಿಬಿಡಿ, ಇಲ್ಲದಿದ್ದರೆ ಎಲ್ಲ ಬಣ್ಣಗಳೂ ಅಲ್ಲಿ ಸೇರಿ ಕೆಸರಾಗುತ್ತದೆ. ಫಿಲ್ಮ್ ಮಡಚಿ ಸುತ್ತಿ, ಕುದಿಯುವ ನೀರು ತಾಗದ ಎತ್ತರದಲ್ಲಿ ಇಟ್ಟು, 30ರಿಂದ 40 ನಿಮಿಷ ಹಬೆ ಕೊಡಿ.

ಕೆಸರು ಅಂದೆ. ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಗುಂಪಿನಲ್ಲಿ ಕೂತಾಗ ಜಾಸ್ತಿ ಆಗುವುದೇ ಇದು. ಎಲ್ಲರಿಗೂ ಎಲ್ಲ ಬಾಟಲಿಯೂ ಬೇಕು. ಕೆಂಪಿನ ಪಕ್ಕ ಹಸಿರು, ನೀಲಿಯ ಪಕ್ಕ ಕಿತ್ತಳೆ, ಹಳದಿಯ ಪಕ್ಕ ನೇರಳೆ ಹನಿಸಿದರೆ ಸೇರುವ ಜಾಗದಲ್ಲಿ ಕಂದು ಬಂದೇ ಬರುತ್ತದೆ. ಒಂದು ಲಡಿಗೆ ಮೂರು ಬಣ್ಣ ಸಾಕು, ಅವೂ ಒಂದರ ನೆರೆಯವು ಇನ್ನೊಂದಾಗಿರಲಿ: ಹಳದಿ, ಕಿತ್ತಳೆ, ಕೆಂಪು, ಅಥವಾ ಹಸಿರು, ನೀಲಿ, ನೇರಳೆ. ಹಸಿರು ಕಲಸುವಾಗ ಹಳದಿಗೆ ನೀಲಿಯನ್ನು ಹನಿಹನಿಯಾಗಿ ಹಾಕಿ. ನೀಲಿಗೆ ಹಳದಿ ಹಾಕಲು ಹೊರಟರೆ ಅರ್ಧ ಬಾಟಲಿ ಹಳದಿ ಖಾಲಿಯಾದರೂ ನೀಲಿ ಸೋಲುವುದಿಲ್ಲ. ಅಲ್ಲಲ್ಲಿ ಬಿಳಿ ಬಿಡಲು ಹಿಂಜರಿಯಬೇಡಿ. ಹೆಣೆದಾಗ ಉಸಿರಾಡಲು ಜಾಗ ಕೊಡುವುದು ಆ ಬಿಳಿಯೇ. ಇನ್ನೊಂದು ಮಾತು. ಲಡಿಯಲ್ಲಿ ಸೊಗಸಾಗಿ ಕಾಣುವ ಏಳು ಬಣ್ಣದ ನೂಲು ಹೆಣೆದಾಗ ಎಷ್ಟೋ ಸಲ ಕಲಸುಮೇಲೋಗರವಾಗುತ್ತದೆ. ನೋಡಲು ಸಪ್ಪೆ ಅನಿಸಿದ ಎರಡು ಬಣ್ಣದ ಲಡಿಯೇ ಶಾಲಾಗಿ ಎಲ್ಲರ ಕಣ್ಣು ಸೆಳೆಯುತ್ತದೆ.

ನೇರಳೆ, ಕಪ್ಪು ಬಣ್ಣಗಳ ಒಂದು ಆಟ ನೋಡಲು ಮಜಾ. ಅವು ಹೆಚ್ಚಾಗಿ ಎರಡು ಮೂರು ಬಣ್ಣ ಬೆರೆಸಿ ಮಾಡಿದವು. ಉಣ್ಣೆಗೆ ಹಾಕಿದಾಗ ಒಂದು ಬೇಗ ಹತ್ತುತ್ತದೆ, ಇನ್ನೊಂದು ತಡವಾಗಿ ಹತ್ತುತ್ತದೆ. ನೇರಳೆ ಅಂತ ಸುರಿದದ್ದು ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ನೀಲಿಯಾಗಿ ಒಡೆಯುತ್ತದೆ. ಒದ್ದೆ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಒಳಗೆ ಯಾರು ಯಾರು ಇದ್ದಾರೆ ಅಂತ ಮೊದಲೇ ಗೊತ್ತಾಗುತ್ತದೆ. ಒಡೆಯಬಾರದು ಅಂದರೆ ಬಣ್ಣ ಎಲ್ಲ ಕಡೆ ಹರಡಿದ ಮೇಲೆ ನಿಧಾನವಾಗಿ ಹುಳಿ ಸೇರಿಸಿ. ನನಗೆ ಒಡೆದದ್ದೇ ಇಷ್ಟ.

ಪಾತ್ರೆಯಲ್ಲಿ ಮುಳುಗಿಸುವ ದಾರಿ ಹಿಡಿದರೆ ನೀರಿನ ಬಿಸಿ 82ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಅರ್ಧ ಗಂಟೆ ಇರಬೇಕು. ಅಂಚಿನಲ್ಲಿ ಸಣ್ಣ ಗುಳ್ಳೆ ಏಳಬೇಕು, ಕೊತಕೊತ ಕುದಿಯಬಾರದು. ನೀರು ತಿಳಿಯಾಗುವ ಹೊತ್ತನ್ನು ಎಲ್ಲರೂ ಕೂಡಿ ನೋಡಿ. ಬಣ್ಣವೆಲ್ಲ ನೂಲಿಗೆ ಹೋಗಿ, ಪಾತ್ರೆಯಲ್ಲಿ ಬರೀ ನೀರು ಉಳಿಯುತ್ತದೆ. ಮೊದಲ ಸಲ ಕಂಡಾಗ ಏನೋ ಕಣ್ಕಟ್ಟು ಅನಿಸುತ್ತದೆ. ತಿಳಿಯಾಗದಿದ್ದರೆ ಇನ್ನಷ್ಟು ಹುಳಿ, ಇನ್ನಷ್ಟು ಹೊತ್ತು. ಇನ್ನಷ್ಟು ಬಣ್ಣ ಮಾತ್ರ ಅಲ್ಲ.

ಉಣ್ಣೆ ಜಡೆಗಟ್ಟಿದ್ದು ಯಾಕೆ ಅಂತ ಕೇಳಿದ್ದಿರಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಹುರುಪೆಗಳಿರುತ್ತವೆ. ಬಿಸಿ ನೀರಿನಲ್ಲಿ ಕಲಕಿದರೆ, ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬಿಸಿಯಿಂದ ಥಟ್ಟನೆ ತಣ್ಣೀರಿಗೆ ಹಾಕಿದರಂತೂ ಕೆಲಸ ಕೆಟ್ಟಂತೆಯೇ. ಒಮ್ಮೆ ಸಿಕ್ಕಿಕೊಂಡರೆ ಬಿಡಿಸಲಾಗದು. ನಾನು ಒಂದು ಸ್ವೆಟರಿಗಾಗುವಷ್ಟು ಉಣ್ಣೆಯನ್ನು ಅವಸರದಲ್ಲಿ ಒಲೆಯಿಂದ ನೇರ ನಲ್ಲಿಯ ಕೆಳಗೆ ಹಿಡಿದಿದ್ದೆ. ಅದು ಈಗ ಬಿಸಿ ಪಾತ್ರೆಯ ಕೆಳಗಿಡುವ ಚಾಪೆಯಾಗಿ ಚೆನ್ನಾಗಿ ದುಡಿಯುತ್ತಿದೆ. ಒಲೆ ಆರಿಸಿದ ಮೇಲೆ ನೂಲನ್ನು ಹಾಗೇ ಬಿಡಿ, ರಾತ್ರಿಯಿಡೀ ಆರಲಿ. ಮರುದಿನ ನೂಲಿನಷ್ಟೇ ಬಿಸಿ ಇರುವ ನೀರಿನಲ್ಲಿ ಜಾಲಾಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ನೇತುಹಾಕಿ. ಹೊಸಬರಿಗೆ ಸೂಪರ್‌ವಾಶ್ ಉಣ್ಣೆ ಸುಲಭ. ಅದರ ಹುರುಪೆಗಳನ್ನು ಮೊದಲೇ ಸವೆಸಿ ಅಥವಾ ಮೇಲೆ ತೆಳು ಲೇಪ ಕೊಟ್ಟು ಮಾಡಿರುತ್ತಾರೆ. ಜಡೆಗಟ್ಟುವುದಿಲ್ಲ, ಬಣ್ಣವೂ ಬೇಗ, ಗಾಢವಾಗಿ ಹತ್ತುತ್ತದೆ. ಆದರೆ ಬೇಗ ಹತ್ತುವುದರಿಂದ ಎಲ್ಲ ಕಡೆ ಒಂದೇ ಸಮ ಬರಿಸುವುದು ಕಷ್ಟ.

ನಿಮ್ಮ ಹತ್ತಿ ನೂಲನ್ನು ಇನ್ನೊಂದು ದಿನಕ್ಕೆ ಇಡಿ. 1856ರಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಕೃತಕ ಬಣ್ಣಗಳ ಉದ್ಯಮ ಶುರುವಾದದ್ದು ಅಲ್ಲಿಂದ. ಆದರೆ ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ ಮಾರುಕಟ್ಟೆಗೆ ಬರಲು ಮತ್ತೆ ನೂರು ವರ್ಷ ಬೇಕಾಯಿತು. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೊಸಿಯಾನ್ ಹೆಸರಿನಲ್ಲಿ ಅದನ್ನು ತಂದಿತು. ಇದಕ್ಕೆ ಒಲೆಯೇ ಬೇಡ. ಲೀಟರ್ ನೀರಿಗೆ ಸುಮಾರು 50 ಗ್ರಾಂ ಸೋಡಾ ಆಷ್ ಕರಗಿಸಿ, ಗ್ಲೌಸ್ ಹಾಕಿಕೊಂಡು, ಹತ್ತಿ ನೂಲನ್ನು ಅರ್ಧ ಗಂಟೆ ನೆನೆಸಿ ಹಿಂಡಿ. ಬಣ್ಣ ಹನಿಸಿ, ಫಿಲ್ಮಿನಲ್ಲಿ ಸುತ್ತಿ, ಬೆಚ್ಚಗಿನ ಜಾಗದಲ್ಲಿ 24 ಗಂಟೆ ಇಡಿ. ಸೋಡಾ ಸೇರಿದ ಬಣ್ಣ ಕೆಲವೇ ಗಂಟೆಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಬಾಟಲಿಗೆ ಸೋಡಾ ಹಾಕಬೇಡಿ. ತೊಳೆಯುವಾಗ ಮೊದಲು ತಣ್ಣೀರು, ಆಮೇಲೆ ಚೆನ್ನಾಗಿ ಬಿಸಿ ನೀರು, ನೀರು ತಿಳಿಯಾಗುವ ತನಕ. ಬೆಸೆದುಕೊಳ್ಳದ ಬಣ್ಣ ಪೂರ್ತಿ ಬಿಡುವುದು ಬಿಸಿ ನೀರಿಗೇ. ಈ ಸೋಡಾ ನೀರಿಗೆ ಉಣ್ಣೆಯನ್ನು ಮಾತ್ರ ಇಳಿಸಬೇಡಿ, ಎಳೆಯೇ ಹಾಳಾಗುತ್ತದೆ.

ನಾಲ್ವರ ದಿನವನ್ನು ನಾನಾದರೆ ಹೀಗೆ ಹಂಚುತ್ತೇನೆ. ತಲೆಗೆ 25 ಗ್ರಾಮಿನ ಎರಡೆರಡು ಲಡಿ. ಮೊದಲನೆಯದು ಕೆಡಲಿಕ್ಕೆ ಅಂತಲೇ ಇಟ್ಟುಕೊಳ್ಳಿ. ಆಗ ಕೈ ಸಡಿಲವಾಗುತ್ತದೆ, ಮತ್ತೆ ಆಶ್ಚರ್ಯ ಅಂದರೆ ಅದೇ ಎರಡನೆಯದಕ್ಕಿಂತ ಚೆನ್ನಾಗಿ ಬರುವುದುಂಟು. ಒಬ್ಬರು ಹಬೆಯ ಪಾತ್ರೆಯ ನೀರು ಬತ್ತದ ಹಾಗೆ ನೋಡಿಕೊಳ್ಳಲಿ. ಇನ್ನೊಬ್ಬರು ಬರೀ ಪುಸ್ತಕ ಹಿಡಿಯಲಿ: ನೂಲು ಯಾವುದು, ಒಣ ತೂಕ ಎಷ್ಟು, ಯಾವ ಬಾಟಲಿಯಿಂದ ಎಷ್ಟು ಮಿಲೀ, ಹುಳಿ ಎಷ್ಟು, ಎಷ್ಟು ಹೊತ್ತು. ನೂಲು ಒಣಗಿದ ಮೇಲೆ ಆ ಪುಟಕ್ಕೆ ಒಂದು ಗೇಣು ನೂಲು ಅಂಟಿಸಿ. ಒದ್ದೆ ನೂಲು ಯಾವಾಗಲೂ ಗಾಢವಾಗಿ ಕಾಣುತ್ತದೆ, ಅದನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ.

ಇಷ್ಟು ಬರೆದಿಟ್ಟರೂ ಎರಡು ಸಲ ಹಾಕಿದ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ಸ್ವೆಟರ್ ಹೆಣೆಯುವ ಯೋಚನೆ ಇದ್ದರೆ ಬೇಕಾದಷ್ಟು ನೂಲಿಗೆ ಒಂದೇ ಪಾತ್ರೆಯಲ್ಲಿ, ಒಂದೇ ಸಲ ಬಣ್ಣ ಹಾಕಿ. ಪಾತ್ರೆ ಸಾಲದಿದ್ದರೆ ಹೆಣೆಯುವಾಗ ಎರಡು ಲಡಿ ಪಕ್ಕದಲ್ಲಿಟ್ಟುಕೊಂಡು ಎರಡು ಸಾಲು ಒಂದರಿಂದ, ಎರಡು ಸಾಲು ಇನ್ನೊಂದರಿಂದ ಹೆಣೆಯಿರಿ. ಬಣ್ಣ ಎಲ್ಲಿ ಬದಲಾಯಿತು ಅಂತ ನಿಮಗೇ ಹುಡುಕಲಾಗುವುದಿಲ್ಲ.